ಸ್ಪ್ರಿಂಗ್‌ಟೇಲ್ ಗುರುತಿಸುವುದು ಹೇಗೆ? ಮೈಕಟ್ಟು ಮೊದಲು, ಬಣ್ಣ ಕೊನೆಗೆ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದ್ರೆ ಕೈತೋಟದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಫೋಟೋ ಬರಲು ಶುರುವಾಗುತ್ತದೆ. ಕುಂಡದ ಕೆಳಗಿನ ತಟ್ಟೆ, ಅದರಲ್ಲಿ ನಿಂತ ನೀರು, ನೀರಿನ ಮೇಲೆ ಬಿಳಿ ಚುಕ್ಕೆಗಳು. "ಇದು ಯಾವ ಹುಳ, ಏನು ಹೊಡೀಬೇಕು?" ಏನೂ ಹೊಡೆಯಬೇಡಿ. ಅದು ಸ್ಪ್ರಿಂಗ್‌ಟೇಲ್. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಕೊಳೆತ ಎಲೆ, ಬೂಷ್ಟು, ಪಾಚಿ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ.

ಇಷ್ಟು ತಿಳಿದ ಮೇಲೆ ಕೆಲವರಿಗೆ ಮುಂದಿನ ಪ್ರಶ್ನೆ ಬರುತ್ತದೆ: ಸರಿ, ಯಾವ ಸ್ಪ್ರಿಂಗ್‌ಟೇಲ್? ಈ ಬರಹ ಅವರಿಗೆ. ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ಜಾತಿಗಳೇ 9000ಕ್ಕೂ ಜಾಸ್ತಿ, ಭಾರತದಿಂದ ದಾಖಲಾಗಿರುವುದು 300ಕ್ಕೂ ಹೆಚ್ಚು. ನಮ್ಮ ದಕ್ಷಿಣದ ಕಾಡು, ತೋಟಗಳಲ್ಲಿ ಹೆಸರಿಲ್ಲದವು ಇನ್ನೂ ಬೇಕಾದಷ್ಟಿವೆ. ಹೀಗಿರುವಾಗ "ಹಳದಿ ಮೈ, ಕಪ್ಪು ಪಟ್ಟೆ" ಅಂತ ಗೂಗಲ್‌ನಲ್ಲಿ ಹುಡುಕಿ, ಮೊದಲು ಕಂಡ ಚಿತ್ರದ ಹೆಸರನ್ನು ತಂದು ನಮ್ಮ ಹುಳಕ್ಕೆ ಅಂಟಿಸಿದರೆ ಅದು ತಪ್ಪಾಗುವುದೇ ಹೆಚ್ಚು. ನೆಟ್‌ನಲ್ಲಿ ಹೆಸರಿನ ಜೊತೆ ಸಿಗುವ ಒಳ್ಳೊಳ್ಳೆ ಫೋಟೋಗಳಲ್ಲಿ ಬಹುಪಾಲು ಯುರೋಪಿನವು. ಅಲ್ಲಿನ ಹುಳ ಇಲ್ಲಿ ಇರಲೇಬೇಕು ಅಂತೇನಿಲ್ಲ, ಅಲ್ವಾ?

ಅದಕ್ಕೇ ಬಣ್ಣವನ್ನು ಸರದಿಯ ಕೊನೆಗೆ ತಳ್ಳಿ. ಮೊದಲು ಆಕಾರ, ಆಮೇಲೆ ಮೈ ಖಂಡಗಳು, ಆಮೇಲೆ ಮೀಸೆ, ಕಣ್ಣು, ಹುರುಪೆ (ಮೈಮೇಲಿನ ಪುಟ್ಟ ಚಕ್ಕೆಗಳು). ಇಷ್ಟಾದ ಮೇಲೆ ಬಣ್ಣ ಮತ್ತು ಗುರುತು. ಈ ಸರದಿಯಲ್ಲಿ ಹೋದರೆ ಫೋನು ಮತ್ತು ಒಂದು ಲೆನ್ಸ್ ಇಟ್ಟುಕೊಂಡೇ ಕುಟುಂಬದವರೆಗೆ ಆರಾಮಾಗಿ ಮುಟ್ಟಬಹುದು, ಎಷ್ಟೋ ಸಲ ಅದಕ್ಕಿಂತ ಚಿಕ್ಕ ಗುಂಪಾದ ಕುಲದವರೆಗೂ.

ಮೊದಲು, ಅದು ಸ್ಪ್ರಿಂಗ್‌ಟೇಲ್ ಹೌದಾ?

ಬಹಳಷ್ಟು ಸ್ಪ್ರಿಂಗ್‌ಟೇಲ್‌ಗಳು ಕಾಲು ಮಿಲಿಮೀಟರ್‌ನಿಂದ 6 ಮಿಲಿಮೀಟರ್ ಒಳಗೇ ಇರುತ್ತವೆ. ಆರು ಕಾಲು, ಎರಡು ಮೀಸೆ, ರೆಕ್ಕೆ ಯಾವ ವಯಸ್ಸಿನಲ್ಲೂ ಇಲ್ಲ. ಆರು ಕಾಲಿದ್ದರೂ ಈಗಿನ ಲೆಕ್ಕದಲ್ಲಿ ಇವು ಕೀಟಗಳಲ್ಲ, ಬಾಯಿಯ ಭಾಗಗಳು ತಲೆಯೊಳಗೇ ಹುದುಗಿರುವ ಬೇರೆಯೇ ಗುಂಪು. ಹಳೇ ಗುಂಪು ಕೂಡ: ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಕಲ್ಲಿನೊಳಗೆ ಸಿಕ್ಕ ಸ್ಪ್ರಿಂಗ್‌ಟೇಲ್ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ. 1926ರಲ್ಲಿ ಅದನ್ನು ವಿವರಿಸಿ ರೈನಿಯೆಲ್ಲಾ ಅಂತ ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ನಮ್ಮವರೇ, ಸಮರೇಂದ್ರ ಮೌಲಿಕ್.

ನೋಡಬೇಕಾದ ಅಂಗ ಎರಡು. ಒಂದು, ಹೊಟ್ಟೆಯ ಅಡಿ ಮಡಚಿಟ್ಟ ಕವಲು ಬಾಲ. ಇದಕ್ಕೆ ಫರ್ಕ ಅಂತಾರೆ. ಹೊಟ್ಟೆಯ ನಾಲ್ಕನೇ ಖಂಡದಿಂದ ಹೊರಡುತ್ತದೆ, ಮೂರನೇ ಖಂಡದ ಅಡಿಯಲ್ಲಿರುವ ಪುಟ್ಟ ಕೊಂಡಿ ಅದನ್ನು ಹಿಡಿದಿಟ್ಟಿರುತ್ತದೆ. ಕೊಂಡಿ ಬಿಟ್ಟರೆ ಫರ್ಕ ನೆಲಕ್ಕೆ ಬಡಿದು ಹುಳ ಚಿಮ್ಮುತ್ತದೆ. ಎರಡನೆಯದು, ಹೊಟ್ಟೆಯ ಮೊದಲ ಖಂಡದ ಅಡಿಯಲ್ಲಿ ಕೆಳಮುಖವಾದ ಒಂದು ಮೋಟು ಕೊಳವೆ. ನೀರು ಹೀರುವುದಕ್ಕೆ, ಅಂಟಿಕೊಳ್ಳುವುದಕ್ಕೆ ಅದು ಬೇಕು. ಮಣ್ಣಿನ ಆಳದಲ್ಲಿರುವ ಹಲವು ಜಾತಿಗಳಲ್ಲಿ ಫರ್ಕ ಇರುವುದೇ ಇಲ್ಲ, ಕೊಳವೆ ಮಾತ್ರ ಎಲ್ಲದರಲ್ಲೂ ಇರುತ್ತದೆ. ಹಾಗಾಗಿ "ಹಾರಲಿಲ್ಲ, ಸ್ಪ್ರಿಂಗ್‌ಟೇಲ್ ಅಲ್ಲ" ಅಂತ ತಳ್ಳಿಹಾಕಬೇಡಿ.

ಸುಲಭದ ಪರೀಕ್ಷೆ: ಕುಂಡಕ್ಕೆ ನೀರು ತುಂಬಿಸಿ. ಇವುಗಳ ಮೈಗೆ ನೀರು ಅಂಟುವುದಿಲ್ಲ, ಮೇಲೆ ತೇಲುತ್ತವೆ. ತೇಲಿದ್ದನ್ನು ಒದ್ದೆ ಬ್ರಷ್ಷಿನ ತುದಿಯಿಂದ ಮುಟ್ಟಿ, ಚಿಮ್ಮಿದರೆ ಬಹುತೇಕ ಖಾತ್ರಿ. ಮೈಟ್ ನುಸಿಗಳಿಗೆ ಎಂಟು ಕಾಲು, ಮೀಸೆ ಇಲ್ಲ. ಥ್ರಿಪ್ಸ್ ಉದ್ದಕ್ಕೆ ಸಪೂರ, ಬೆಳೆದವಕ್ಕೆ ಅಂಚಿನಲ್ಲಿ ಕೂದಲಿರುವ ರೆಕ್ಕೆ, ಸಿಗುವುದು ಹೆಚ್ಚಾಗಿ ಹೂವು, ಎಳೆ ಎಲೆಗಳಲ್ಲಿ. ಹಳೇ ಪುಸ್ತಕ, ರವೆ ಡಬ್ಬದಲ್ಲಿ ಓಡಾಡುವ ಬೂದು ಹೇನಿನಂಥದ್ದು ಬುಕ್‌ಲೈಸ್. ಅದಕ್ಕೆ ಮೀಸೆ ಕೂದಲೆಳೆಯಷ್ಟು ತೆಳು, ಅದರ ಖಂಡಗಳನ್ನು ಎಣಿಸಲು ಹೋದರೆ ಲೆಕ್ಕ ತಪ್ಪುವಷ್ಟಿವೆ. ಸ್ಪ್ರಿಂಗ್‌ಟೇಲ್ ಮೀಸೆಯಲ್ಲಿ ಸಾಮಾನ್ಯವಾಗಿ ನಾಲ್ಕೇ ಖಂಡ.

ಬೇಕಾದ ಸಾಮಾನು, ಹುಡುಕುವ ಜಾಗ

ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಒಂದು 10ಎಕ್ಸ್ ಅಥವಾ 20ಎಕ್ಸ್ ಕೈ ಲೆನ್ಸ್, ಸೊನ್ನೆ ನಂಬರಿನ ಪೇಂಟ್ ಬ್ರಷ್, ಬಿಳಿ ತಟ್ಟೆ, ಕಪ್ಪು ಬಣ್ಣದ ಯಾವುದಾದರೂ ಮುಚ್ಚಳ. ಜೊತೆಗೆ ಸ್ಟೇಷನರಿ ಅಂಗಡಿಯ ಗ್ರಾಫ್ ಹಾಳೆಯ ಒಂದು ತುಂಡು. ಅದರ ಚಿಕ್ಕ ಚೌಕ ಸರಿಯಾಗಿ 1 ಮಿಲಿಮೀಟರ್. ಹುಳ ಅದರ ಮೇಲಿದ್ದಾಗ ಒಂದು ಫೋಟೋ ತೆಗೆದರೆ ಅಳತೆಯ ಚಿಂತೆ ತೀರಿತು.

ಜಾಗ ಬದಲಾದರೆ ಗುಂಪೂ ಬದಲಾಗುತ್ತದೆ, ಹಾಗಾಗಿ ಎಲ್ಲಿ ಸಿಕ್ಕಿತು ಅನ್ನುವುದೇ ಅರ್ಧ ಸುಳಿವು. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯನ್ನು ಮಗುಚಿ ನೋಡಿ, ದರಗು ಕೆದಕಿ, ಗೊಬ್ಬರದ ಗುಂಡಿಯ ಅಂಚು ನೋಡಿ, ಮರದ ತೊಗಟೆಯ ಪಾಚಿ ನೋಡಿ. ಪೊದೆಯ ಕೆಳಗೆ ಬಿಳಿ ಕೊಡೆಯನ್ನು ಅಂಗಾತ ಹಿಡಿದು ಕೊಂಬೆಗೆ ಕೋಲಿನಿಂದ ತಟ್ಟಿದರೆ, ಗಿಡದ ಮೇಲೇ ಬದುಕುವ ಉದ್ದ ಮೀಸೆಯ ಜಾತಿಗಳು ಬೀಳುತ್ತವೆ. ಇವನ್ನು ಮಣ್ಣಲ್ಲಿ ಎಷ್ಟು ಕೆದಕಿದರೂ ಸಿಗುವುದು ಅಪರೂಪ.

ಮಣ್ಣಿನವಕ್ಕೆ ಆಲಿಕೆ ವಿಧಾನ ಇದೆ. ಇಟಲಿಯ ಕೀಟಶಾಸ್ತ್ರಜ್ಞ ಬರ್ಲೀಸ್ 1905ರಲ್ಲಿ ಮಾಡಿದ ಉಪಾಯ, ಇವತ್ತಿಗೂ ಲ್ಯಾಬ್‌ಗಳಲ್ಲಿ ಅದನ್ನೇ ಸ್ವಲ್ಪ ಬದಲಿಸಿ ಬಳಸುತ್ತಾರೆ. ದೊಡ್ಡ ಆಲಿಕೆ, ಒಳಗೆ ಜಾಲರಿ, ಜಾಲರಿ ಮೇಲೆ ದರಗು, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ 40 ವ್ಯಾಟಿನ ಹಳೇ ಬಲ್ಬು. ಮೇಲಿನಿಂದ ಒಣಗುತ್ತಾ ಬಂದ ಹಾಗೆ ಹುಳಗಳು ತೇವ ಹುಡುಕಿ ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಎಲ್‌ಇಡಿ ಬಲ್ಬು ಹಾಕಬೇಡಿ, ಅದು ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಬಲ್ಬು ದರಗಿಗೆ ತಾಗುವಷ್ಟು ಹತ್ತಿರ ಇಟ್ಟು ಮನೆಗೆ ಬೆಂಕಿ ಹಚ್ಚಲೂಬೇಡಿ. ಎರಡು ಮೂರು ದಿನ ಬಿಟ್ಟರೆ ಸಾಕು. ಬಾಟಲಿಯಲ್ಲಿ ಸ್ಪಿರಿಟ್ ಬದಲು ಒದ್ದೆ ಟಿಶ್ಯೂ ಇಟ್ಟರೆ ಜೀವಂತ ಸಿಗುತ್ತವೆ, ಮೊದಮೊದಲು ಅದೇ ಒಳ್ಳೆಯದು. ಯಾಕೆ ಅಂತ ಬಣ್ಣದ ವಿಷಯ ಬಂದಾಗ ಹೇಳುತ್ತೇನೆ.

ಫೋಟೋಗೆ ನಿಲ್ಲದೆ ಓಡುತ್ತಿದ್ದರೆ ಡಬ್ಬಿ ಸಮೇತ ಫ್ರಿಜ್ಜಿನಲ್ಲಿ ಐದು ಹತ್ತು ನಿಮಿಷ ಇಡಿ. ಫ್ರೀಜರಿನಲ್ಲಿ ಅಲ್ಲ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಎರಡೂ ಫೋಟೋ ಬೇಕೇ ಬೇಕು. ಎಲ್ಲರೂ ಮೇಲಿನಿಂದ ಮಾತ್ರ ತೆಗೆಯುತ್ತಾರೆ, ಆಮೇಲೆ ಹೆಸರು ಹೇಳಿ ಅಂದರೆ ಯಾರಿಗೂ ಹೇಳಲಾಗುವುದಿಲ್ಲ.

ಹೆಜ್ಜೆ 1: ಗುಂಡಗೋ ಉದ್ದಕೋ

ಸ್ಪ್ರಿಂಗ್‌ಟೇಲ್‌ಗಳಲ್ಲಿ ನಾಲ್ಕು ದೊಡ್ಡ ಗುಂಪು. ಹೊಟ್ಟೆ ಗುಂಡಗಿದ್ದು ಖಂಡಗಳ ಗೆರೆ ಕಾಣದಿದ್ದರೆ ಅದು ಸಿಂಫಿಪ್ಲಿಯೋನಾ ಅಥವಾ ನೀಲಿಪ್ಲಿಯೋನಾ. ಎರಡನೆಯದು ನಿಮ್ಮ ಕಣ್ಣಿಗೆ ಬೀಳುವುದೇ ಕಷ್ಟ: ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ ಅನ್ನಬಹುದು, ಕಣ್ಣಿಲ್ಲ, ಮೀಸೆ ತಲೆಗಿಂತ ಗಿಡ್ಡ. ಹಾಗಾಗಿ ಕಣ್ಣಿರುವ, ಮೀಸೆ ಉದ್ದ ಇರುವ ಗುಂಡು ಹುಳ ಸಿಕ್ಕರೆ ಸಿಂಫಿಪ್ಲಿಯೋನಾ ಅಂತ ಮುಂದೆ ಹೋಗಿ.

ಮೈ ಉದ್ದಕ್ಕಿದ್ದು ಖಂಡಗಳು ಒಂದೊಂದಾಗಿ ಕಂಡರೆ ಮತ್ತೆ ಎರಡು ದಾರಿ. ಮೋಟು ಕಾಲು, ಮೋಟು ಮೀಸೆ, ದಪ್ಪ ಮೈ, ನಿಧಾನದ ನಡಿಗೆ ಆದರೆ ಪೊಡ್ಯುರೊಮಾರ್ಫಾ. ಉದ್ದ ಕಾಲು, ಉದ್ದ ಮೀಸೆ, ಚುರುಕು ಓಟ ಆದರೆ ಎಂಟೊಮೊಬ್ರಯೊಮಾರ್ಫಾ. ಪಕ್ಕಾ ಮಾಡಿಕೊಳ್ಳಲು ಕತ್ತು ನೋಡಿ. ತಲೆಯ ಹಿಂದೆ ಎದೆಯ ಮೊದಲ ಖಂಡ ಮೇಲಿನಿಂದ ಚೆನ್ನಾಗಿ ಕಂಡು, ಅದರ ಮೇಲೆ ರೋಮ ಇದ್ದರೆ ಪೊಡ್ಯುರೊಮಾರ್ಫಾ. ಆ ಖಂಡ ಕುಗ್ಗಿ ಎರಡನೆಯದರ ಅಡಿಗೆ ಸರಿದಿದ್ದರೆ ಎಂಟೊಮೊಬ್ರಯೊಮಾರ್ಫಾ.

ಹೆಜ್ಜೆ 2: ಖಂಡ ಎಣಿಸಿ

ಇಲ್ಲಿ ಸ್ವಲ್ಪ ನಿಧಾನಿಸಿ. ಉದ್ದ ಜಾತಿಗಳಲ್ಲಿ ಕುಟುಂಬ ತೀರ್ಮಾನ ಆಗುವುದು ಮುಖ್ಯವಾಗಿ ಇಲ್ಲೇ.

ಎದೆಯಲ್ಲಿ ಮೂರು ಖಂಡ, ಹೊಟ್ಟೆಯಲ್ಲಿ ಆರು. ಕೀಟಗಳ ಹಾಗೆ ಹತ್ತು ಹನ್ನೊಂದು ಇಲ್ಲ. ತೊಡಕು ಏನೆಂದರೆ, ಎಂಟೊಮೊಬ್ರಯೊಮಾರ್ಫಾದಲ್ಲಿ ಎದೆಯ ಮೊದಲನೆಯದು ಮುಚ್ಚಿಹೋಗಿರುವುದರಿಂದ ತಲೆಯ ಹಿಂದೆ ಕಾಣುವ ಮೊದಲ ಹಲಗೆಯೇ ಎದೆಯ ಎರಡನೆಯದು. ಅದನ್ನು "ಒಂದು" ಅಂತ ಎಣಿಸಿದರೆ ಹಿಂದಿನ ಲೆಕ್ಕ ಪೂರ್ತಿ ಕೆಟ್ಟಿತು. ಸರಿಯಾದ ಎಣಿಕೆ: ತಲೆ, ಎದೆ ಎರಡು, ಎದೆ ಮೂರು, ಆಮೇಲೆ ಹೊಟ್ಟೆ ಒಂದು, ಎರಡು, ಮೂರು, ನಾಲ್ಕು. ಪಕ್ಕದ ಫೋಟೋ ಇದ್ದರೆ ತಾಳೆ ನೋಡುವುದು ಸಲೀಸು, ಎದೆಯ ಎರಡು, ಮೂರನೇ ಖಂಡಗಳಿಗೆ ನಡುವಿನ ಮತ್ತು ಹಿಂದಿನ ಕಾಲು ಅಂಟಿರುತ್ತವೆ. ಕಾಲಿಲ್ಲದ ಮೊದಲ ಖಂಡ ಹೊಟ್ಟೆ ಒಂದು.

ಈಗ ಹೊಟ್ಟೆಯ ಮೂರು ಮತ್ತು ನಾಲ್ಕನ್ನು ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ ಆದರೆ ಐಸೊಟೊಮಿಡೆ. ನಾಲ್ಕನೆಯದು ಮೂರಕ್ಕಿಂತ ತುಂಬಾ ಉದ್ದ, ಕೆಲವದರಲ್ಲಿ ಐದಾರು ಪಟ್ಟು, ಆದರೆ ಎಂಟೊಮೊಬ್ರಯಿಡೆ ಅಥವಾ ಅದರ ನೆಂಟ ಪ್ಯಾರೊನೆಲ್ಲಿಡೆ. ಮೂರನೆಯದೇ ನಾಲ್ಕಕ್ಕಿಂತ ಉದ್ದ ಆದರೆ ಟೊಮೊಸೆರಿಡೆ. ಈ ಟೊಮೊಸೆರಿಡೆ ತಂಪು ಸೀಮೆಯದು, ಯುರೋಪಿನಲ್ಲಿ ಧಾರಾಳ, ನಮ್ಮಲ್ಲಿ ಹಿಮಾಲಯದ ಕಡೆ. ಮೀಸೆಯ ಮೂರನೇ ಖಂಡ ಬಹಳ ಉದ್ದ ಇದ್ದು ಉಂಗುರ ಉಂಗುರವಾಗಿರುತ್ತದೆ. ಪೊಗೊನೊಗ್ನಾಥೆಲ್ಲಸ್ ಲಾಂಗಿಕಾರ್ನಿಸ್ ಅನ್ನುವ ಜಾತಿಯಲ್ಲಂತೂ ಮೀಸೆ ಮೈಗಿಂತ ಉದ್ದ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಇಂಗ್ಲೆಂಡ್, ಜರ್ಮನಿ ಕಡೆ ಇರುವ ಕನ್ನಡಿಗರು ಕೊಳೆತ ಮರದ ತುಂಡು ಎತ್ತಿ ನೋಡಿದರೆ ಸಿಗಬಹುದು.

ಪೊಡ್ಯುರೊಮಾರ್ಫಾದಲ್ಲಿ ಈ ಹೋಲಿಕೆ ಕೆಲಸಕ್ಕೆ ಬಾರದು. ಅಲ್ಲಿ ಮೇಲ್ಮೈ ನೋಡಿ. ನೀಲಿ ಬೂದು ಅಥವಾ ಕಪ್ಪಗೆ, ಗುಂಪು ಗುಂಪಾಗಿ, ಗೊಬ್ಬರದ ಮೇಲೋ ಕೊಚ್ಚೆ ನೀರಿನ ಮೇಲೋ ಪುಡಿ ಚೆಲ್ಲಿದಂತೆ ಇದ್ದರೆ ಹೈಪೊಗ್ಯಾಸ್ಟ್ರೂರಿಡೆ ಇರಬಹುದು, ಚಿಕ್ಕ ಫರ್ಕ ಇರುತ್ತದೆ, ಸಣ್ಣಗೆ ಹಾರುತ್ತವೆ. ಬಾಲದ ತುದಿಯಲ್ಲಿ ಎರಡು ದೊಡ್ಡ ಮುಳ್ಳು ಎದ್ದು ಕಂಡರೆ ಸೆರಾಟೊಫೈಸೆಲ್ಲಾ ಕುಲವನ್ನು ಮೊದಲು ಅನುಮಾನಿಸಿ. ಮೈಮೇಲೆಲ್ಲ ಗುಬುಟು ಗುಬುಟು, ಮೂತಿ ಚೂಪು, ಆನೆ ನಡಿಗೆ ಅಂದರೆ ನಿಯಾನ್ಯುರಿಡೆ. ನಮ್ಮ ಕಡೆ ಕೊಳೆತ ಮರದಡಿ ಸಿಗುವ ಕೆಂಪು, ಕಿತ್ತಳೆ ಬಣ್ಣದ ಲೊಬೆಲ್ಲಾ ಥರದವು ಇದೇ ಕುಟುಂಬ. ಇವುಗಳಲ್ಲಿ ಫರ್ಕ ಇಲ್ಲ, ಎಷ್ಟು ಚುಚ್ಚಿದರೂ ಹಾರುವುದಿಲ್ಲ.

ಹೆಜ್ಜೆ 3: ಮೀಸೆ, ಕಣ್ಣು, ಹುರುಪೆ

ಮೀಸೆಯ ಖಂಡ ಎಣಿಸಿ. ನಾಲ್ಕು ಸಾಮಾನ್ಯ. ಐದು ಕಂಡರೆ ಹೆಟೆರೊಮುರಸ್ ಕಡೆಯದು, ಆರು ಕಂಡರೆ ಯುರೋಪಿನ ಆರ್ಕೆಸೆಲ್ಲಾ ಕಡೆಯದು. ಆದರೆ ಎರಡೂ ಮೀಸೆ ನೋಡದೆ ತೀರ್ಮಾನ ಬೇಡ. ಜಗಳದಲ್ಲೋ ಬೇಟೆಯಲ್ಲೋ ಮೀಸೆ ತುಂಡಾಗಿ, ಮುಂದಿನ ಪೊರೆ ಕಳಚುವಾಗ ಅರೆಬರೆ ಬೆಳೆದು ಒಂದು ಖಂಡ ಕಡಿಮೆ ಇರುವುದು ಬಹಳ ಮಾಮೂಲು. ಒಂದು ಮೀಸೆ ಗಿಡ್ಡ, ಇನ್ನೊಂದು ಉದ್ದ ಇದ್ದರೆ ಉದ್ದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಗುಂಡು ಜಾತಿಗಳಲ್ಲಿ ಮೀಸೆಯೇ ಕೀಲಿಕೈ. ತುದಿಯ ನಾಲ್ಕನೇ ಖಂಡ ಮೂರನೆಯದಕ್ಕಿಂತ ಗಿಡ್ಡ ಇದ್ದರೆ ಡಿಸಿರ್ಟೊಮಿಡೆ, ನಮ್ಮಲ್ಲಿ ಟೆನೊಥ್ರಿಕ್ಸ್ ಕುಲ ಈ ಕುಟುಂಬದ್ದು. ನಾಲ್ಕನೆಯದೇ ಉದ್ದ ಇದ್ದರೆ ಸ್ಮಿಂಥುರಿಡೆ, ಬೌರ್ಲೆಟಿಯೆಲ್ಲಿಡೆ ಮುಂತಾದವು. ನೀರಿನ ಮೇಲೆ ಅಥವಾ ನೀರಿನ ಅಂಚಲ್ಲಿ ತೀರಾ ಚಿಕ್ಕ ಗುಂಡು ಹುಳ, ಒಂದು ಇನ್ನೊಂದರ ಮೀಸೆ ಹಿಡಿದುಕೊಂಡು ನೇತಾಡುತ್ತಿದ್ದರೆ, ಅದು ಸ್ಮಿಂಥುರಿಡಿಡೆಯ ಗಂಡು. ಗಂಡಿನ ಮೀಸೆಯಲ್ಲೇ ಹಿಡಿಕೆ ಇರುತ್ತದೆ, ಹೆಣ್ಣು ಅದನ್ನು ಎತ್ತಿಕೊಂಡು ಓಡಾಡುತ್ತದೆ.

ಕಣ್ಣು ಅಂದರೆ ತಲೆಯ ಎರಡೂ ಕಡೆ ಕಪ್ಪು ಮಚ್ಚೆಯೊಳಗೆ ಬಿಡಿ ಬಿಡಿ ಕಣ್ಣುಗಳು, ಒಂದು ಕಡೆಗೆ ಹೆಚ್ಚೆಂದರೆ ಎಂಟು. ಮಚ್ಚೆ ದೊಡ್ಡದೋ, ಬರೀ ಚುಕ್ಕೆಯೋ, ಇಲ್ಲವೇ ಇಲ್ಲವೋ, ಇಷ್ಟು ಬರೆದುಕೊಳ್ಳಿ.

ಹುರುಪೆ ನೋಡಲು ಬೆಳಕನ್ನು ಓರೆಯಾಗಿ ಬಿಡಿ. ಹುಳ ತಿರುಗಿದ ಹಾಗೆ ಬೆಳ್ಳಿ, ನೇರಳೆ, ಹಸಿರು ಅಂತ ಹೊಳಪು ಬದಲಾದರೆ ಮೈಮೇಲೆ ಹುರುಪೆ ಇದೆ. ಬ್ರಷ್ಷಿಗೆ ಬೆಳ್ಳಿ ಪುಡಿ ಅಂಟಿದರೆ ಸಂಶಯವೇ ಬೇಡ. ಐಸೊಟೊಮಿಡೆಯಲ್ಲಿ ಹುರುಪೆ ಇಲ್ಲ. ಎಂಟೊಮೊಬ್ರಯಿಡೆಯಲ್ಲಿ ಕೆಲವಕ್ಕೆ ಇದೆ (ಲೆಪಿಡೋಸಿರ್ಟಸ್, ಸೈರಾ, ವಿಲ್ಲೋಸಿಯಾ), ಕೆಲವಕ್ಕೆ ಇಲ್ಲ (ಎಂಟೊಮೊಬ್ರಯಾ, ಸಿನೆಲ್ಲಾ). ಪ್ಯಾರೊನೆಲ್ಲಿಡೆಯಲ್ಲೂ ಹೀಗೇ: ಕ್ಯಾಲಿಂಟ್ರೂರಾಗೆ ಇದೆ, ಸಲೈನಾಗೆ ಇಲ್ಲ. ಪೊದೆ ತಟ್ಟಿದಾಗ ಕೊಡೆಗೆ ಬಿದ್ದು, ನೀವು ಫೋನು ತೆಗೆಯುವಷ್ಟರಲ್ಲಿ ಹಾರಿಹೋಗುವ, ಕಾಲು ಮೀಸೆ ಎರಡೂ ತೀರಾ ಉದ್ದ ಇರುವ ನಾಜೂಕು ಹುಳ ಹೆಚ್ಚಾಗಿ ಸಲೈನಾ. ಅಂದ ಹಾಗೆ ಈ ಎರಡು ಕುಟುಂಬಗಳ ಗಡಿಯನ್ನು ತಜ್ಞರು ಈಗಲೂ ಎಳೆದಾಡುತ್ತಿದ್ದಾರೆ. ಹಳೇ ಪಟ್ಟಿಯಲ್ಲಿ ಒಂದು ಕಡೆ, ಹೊಸದರಲ್ಲಿ ಇನ್ನೊಂದು ಕಡೆ ಕಂಡರೆ ಗಾಬರಿ ಬೇಡ, ಕುಲದ ಹೆಸರು ಹಿಡಿದುಕೊಂಡು ಹೋಗಿ.

ಬರೀ ಬಿಳಿ ಇರುವವು

ಹೆಚ್ಚು ಜನ ಕೇಳುವುದು ಇವುಗಳ ಬಗ್ಗೆಯೇ. ಬಿಳಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಫೋಲ್ಸೋಮಿಯಾ ಕ್ಯಾಂಡಿಡಾ. ಮಣ್ಣಿನ ವಿಷ ಪರೀಕ್ಷೆಗೆ ಜಗತ್ತಿನಾದ್ಯಂತ ಲ್ಯಾಬ್‌ಗಳಲ್ಲಿ ಸಾಕುವುದರಿಂದ ಅದಕ್ಕೆ ಅಷ್ಟು ಹೆಸರು. ಟೆರೇರಿಯಂ (ಗಿಡ ಬೆಳೆಸುವ ಗಾಜಿನ ಪೆಟ್ಟಿಗೆ) ಸಾಮಾನು ಮಾರುವವರ ಡಬ್ಬಿಗಳ ಮೇಲೂ ಇದೇ ಹೆಸರು ಇರುತ್ತದೆ, ಒಳಗೆ ಇರುವುದು ಅದೇ ಆಗಿರಬೇಕು ಅಂತಿಲ್ಲ.

ಒಂದನ್ನು ಕಪ್ಪು ಮುಚ್ಚಳದ ಮೇಲೆ ಬಿಟ್ಟು ಮುಟ್ಟಿ. ಹಾರದೆ ಸುಮ್ನೆ ಮುದುಡಿಕೊಂಡರೆ ಅಥವಾ ನಿಧಾನಕ್ಕೆ ತೆವಳಿದರೆ, ಕಾಲು ಮೀಸೆ ಎರಡೂ ಮೋಟಾಗಿದ್ದರೆ ಓನಿಕಿಯೂರಿಡೆ ಕಡೆಯದು, ಅವಕ್ಕೆ ಕಣ್ಣೂ ಇಲ್ಲ, ಬಹುತೇಕ ಫರ್ಕವೂ ಇಲ್ಲ. ಹಾರಿದರೆ ಖಂಡ ನೋಡಿ. ಹಿಂಭಾಗದಲ್ಲಿ ಹೊಟ್ಟೆಯ ನಾಲ್ಕು, ಐದು, ಆರು ಬೆಸೆದುಕೊಂಡು ಒಂದೇ ತುಂಡಾಗಿ ಕಂಡು, ಕಣ್ಣೇ ಇಲ್ಲದೆ, ಮೀಸೆ ಸಾಧಾರಣ ಉದ್ದ ಇದ್ದು, ಒಟ್ಟಾರೆ ನುಚ್ಚಕ್ಕಿ ಚೂರಿಗೆ ಕಾಲು ಬಂದಂತಿದ್ದರೆ ಫೋಲ್ಸೋಮಿಯಾ. ನಾಲ್ಕನೇ ಖಂಡವೊಂದೇ ಉದ್ದವಾಗಿದ್ದು ಅದರ ಹಿಂದೆ ಐದು, ಆರು ಬೇರೆ ಬೇರೆ ಕಂಡರೆ, ಮೀಸೆ ಉದ್ದ, ಓಟ ಜೋರು, ಮೈಮೇಲೆ ಉದ್ದ ರೋಮ ಇದ್ದರೆ ಸಿನೆಲ್ಲಾ ಅಥವಾ ಕೋಕೊಬ್ರಯಾ. ಇರುವೆ ಗೂಡು, ಗೆದ್ದಲಿನ ಹುತ್ತದೊಳಗೆ, ಅವುಗಳ ಕಾಲಡಿಯಲ್ಲೇ ಓಡಾಡುವ ಹೊಳೆಯುವ ಬಿಳಿ ಹುಳ ಸೈಫೊಡೆರಸ್. ಅದಕ್ಕೆ ಹುರುಪೆ ಇದೆ, ಕಣ್ಣಿಲ್ಲ. ಹುತ್ತ ಒಡೆದಾಗ ಗೆದ್ದಲಿನ ಮರಿ ಅಂತ ನೋಡದೆ ಬಿಡುವವರೇ ಜಾಸ್ತಿ.

ಬಿಳಿ ಮೈಯ ನಡುವೆ ಕಪ್ಪು ಅಥವಾ ಹಸಿರು ಗೆರೆ ಕಂಡರೆ ಅದನ್ನು ಗುರುತು ಅಂತ ಬರೆಯಬೇಡಿ. ಅದು ಕರುಳು, ತಿಂದದ್ದು ಚರ್ಮದ ಮೂಲಕ ಕಾಣುತ್ತಿದೆ ಅಷ್ಟೇ. ಎರಡು ದಿನ ಬಿಳಿ ಈಸ್ಟ್ ಪುಡಿ ಹಾಕಿ ನೋಡಿ, ಗೆರೆ ಮಾಯ.

ಸಾಕಿ ನೋಡುವ ಆಸೆ ಇದ್ದವರು 8 ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ 1 ಪಾಲು ಇದ್ದಿಲ ಪುಡಿ ಕಲಸಿ ಡಬ್ಬಿಯ ತಳಕ್ಕೆ ಹುಯ್ಯಿರಿ, ಗಟ್ಟಿಯಾದ ಮೇಲೆ ನೀರು ಚಿಮುಕಿಸಿ. ಕಡು ಬೂದು ನೆಲದ ಮೇಲೆ ಬಿಳಿ ಹುಳ, ಅದರ ಮೊಟ್ಟೆ, ಮರಿ ಎಲ್ಲ ನಿಚ್ಚಳವಾಗಿ ಕಾಣುತ್ತದೆ.

ಹೆಜ್ಜೆ 4: ಈಗ ಬಣ್ಣ, ಗುರುತು

ಬಣ್ಣ ಎರಡು ಕಡೆಯಿಂದ ಬರುತ್ತದೆ. ಚರ್ಮದ ಅಡಿಯ ಬಣ್ಣ ಒಂದು, ಮೇಲಿನ ಹುರುಪೆಯ ಹೊಳಪು ಇನ್ನೊಂದು. ಹುರುಪೆ ಉದುರುತ್ತದೆ. ಉದುರಿದ ಮೇಲೆ ಅದೇ ಹುಳ ಬೇರೆ ಹುಳದ ಹಾಗೆ ಕಾಣುತ್ತದೆ, ಬೆಳ್ಳಿ ಹೋಗಿ ಅಡಿಯ ಹಳದಿಯೋ ನೀಲಿಯೋ ಹೊರಬೀಳುತ್ತದೆ. ಹಾಗಾಗಿ ಹುರುಪೆ ಇರುವ ಜಾತಿಯಲ್ಲಿ ಹೊಳಪಿನ ಬಣ್ಣವನ್ನು ನಂಬಬೇಡಿ, ಅಡಿಯ ಮಚ್ಚೆ ಎಲ್ಲಿದೆ ಅನ್ನುವುದನ್ನು ನೋಡಿ. ವಯಸ್ಸಿನ ತೊಂದರೆಯೂ ಇದೆ. ಮರಿ ದೊಡ್ಡದರ ಪಡಿಯಚ್ಚು, ಆದರೆ ಬಣ್ಣ ಪೇಲವ, ಗುರುತು ಅರ್ಧಂಬರ್ಧ. ಬೆಳೆದ ಮೇಲೂ ಸ್ಪ್ರಿಂಗ್‌ಟೇಲ್ ಪೊರೆ ಕಳಚುತ್ತಲೇ ಇರುತ್ತದೆ.

ಸ್ಪಿರಿಟ್‌ಗೆ ಹಾಕಿದರೆ ಇನ್ನೊಂದು ಪಜೀತಿ. ಲೊಬೆಲ್ಲಾ ಥರದ ಕೆಂಪು ಹುಳಗಳು ಸ್ಪಿರಿಟ್‌ನಲ್ಲಿ ಬೆಳ್ಳಗಾಗಿಬಿಡುತ್ತವೆ. ಜೀವಂತ ಇದ್ದಾಗಿನ ಫೋಟೋ ಇಲ್ಲದಿದ್ದರೆ ಅದು ಕೆಂಪಗಿತ್ತು ಅನ್ನುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಮೊದಲು ಫೋಟೋ, ಆಮೇಲೆ ಬಾಟಲಿ.

ಹಾಗಂತ ಗುರುತುಗಳಿಗೆ ಬೆಲೆಯೇ ಇಲ್ಲ ಅಂತಲ್ಲ. ಒಂದು ಊರಿನ ಜಾತಿಗಳ ಪಟ್ಟಿ ಪೂರ್ತಿ ಗೊತ್ತಿದ್ದು, ಕುಲವೂ ಖಾತ್ರಿಯಾದ ಮೇಲೆ ಗುರುತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯುರೋಪಿನ ಡಿಸಿರ್ಟೊಮಿನಾ ಇದಕ್ಕೆ ಒಳ್ಳೆಯ ಉದಾಹರಣೆ. ಚಳಿಗಾಲದಲ್ಲಿ ಅಲ್ಲಿನ ಪಾರ್ಕ್, ಬೇಲಿ, ಬಿದ್ದ ಎಲೆಗಳ ಮೇಲೆ ಸಿಗುವ ದುಂಡು ಹುಳ. ಬೆಳೆದ ಹುಳದ ಬೆನ್ನಿನ ಹಿಂತುದಿಯಲ್ಲಿ ಕಡು ಮಚ್ಚೆ ಒಂದೇ ಗಟ್ಟಿ ತೇಪೆಯಾಗಿದ್ದರೆ ಡಿಸಿರ್ಟೊಮಿನಾ ಆರ್ನಾಟಾ, ಆ ಮಚ್ಚೆ ತಿಳಿ ಗೆರೆಗಳಿಂದ ತುಂಡಾಗಿ ಅಡ್ಡಪಟ್ಟಿಗಳಾಗಿದ್ದರೆ ಡಿಸಿರ್ಟೊಮಿನಾ ಸೌಂಡರ್ಸಿ. ಹಿಂಬದಿಯ ಫೋಟೋ ತೆಗೆಯದೆ ಬಂದರೆ ಇವೆರಡನ್ನು ಬೇರೆ ಮಾಡುವುದು ಕಷ್ಟ. ಇವುಗಳದೇ ಕುಲದ ಡಿಸಿರ್ಟೊಮಿನಾ ಮಿನುಟಾದ ಜಿಗಿತವನ್ನು ಅಮೆರಿಕದಲ್ಲಿ ಅತಿವೇಗದ ಕ್ಯಾಮರಾದಲ್ಲಿ ಹಿಡಿದು 2024ರಲ್ಲಿ ಪ್ರಕಟಿಸಿದ್ದಾರೆ, ಗಾಳಿಯಲ್ಲಿ ಸೆಕೆಂಡಿಗೆ 368 ಪಲ್ಟಿಯವರೆಗೆ ಹೊಡೆಯುತ್ತದಂತೆ.

ಎಂಟೊಮೊಬ್ರಯಾ ಕುಲದಲ್ಲೂ ಹೀಗೇ. ಹಳದಿ ಮೈ, ಹೊಟ್ಟೆಯ ನಾಲ್ಕನೇ ಖಂಡದ ಮೇಲೆ ಇಂಗ್ಲಿಷಿನ ಯು ಆಕಾರದ ಕಡು ಗುರುತು ಇದ್ದರೆ ಯುರೋಪಿನಲ್ಲಿ ಎಂಟೊಮೊಬ್ರಯಾ ನಿವಾಲಿಸ್ ಅನ್ನುತ್ತಾರೆ. ಖಂಡ ಖಂಡಕ್ಕೂ ಅಡ್ಡಪಟ್ಟಿ ಇದ್ದರೆ ಎಂಟೊಮೊಬ್ರಯಾ ಮಲ್ಟಿಫಾಸಿಯಾಟಾ. ಅಷ್ಟು ಅಭ್ಯಾಸ ಆಗಿರುವ ಅಲ್ಲಿಯೇ ನಿವಾಲಿಸ್ ಮತ್ತು ಇಂಟರ್‌ಮೀಡಿಯಾ ನಡುವೆ ಗೊಂದಲ ಇದ್ದದ್ದೇ. ನಮ್ಮ ಕಡೆ ಯು ಗುರುತಿನ ಹಳದಿ ಹುಳ ಕಂಡರೆ "ಎಂಟೊಮೊಬ್ರಯಾ" ಅಂತಷ್ಟೇ ಬರೆದು ಕೈಬಿಡುವುದು ಜಾಣತನ.

ಒಂದು ಹುಳ ಹಿಡಿದು ನೋಡೋಣ

ಅಡಿಕೆ ಹಾಳೆ ಮಗುಚಿದಿರಿ. ಬೆಳ್ಳಿ ಹೊಳಪಿನ, ಸುಮಾರು 2 ಮಿಲಿಮೀಟರ್ ಹುಳವೊಂದು ಓಡಿ, ಮುಟ್ಟಿದ ಕೂಡಲೇ ಹಾರಿತು. ಉದ್ದ ಮೈ, ಉದ್ದ ಮೀಸೆ, ಹಾಗಾದರೆ ಎಂಟೊಮೊಬ್ರಯೊಮಾರ್ಫಾ. ಪಕ್ಕದ ಫೋಟೋದಲ್ಲಿ ಹೊಟ್ಟೆಯ ಒಂದು, ಎರಡು, ಮೂರು ಚಿಕ್ಕ ಪಟ್ಟಿಗಳು, ನಾಲ್ಕನೆಯದು ಹಿಂಭಾಗವನ್ನೆಲ್ಲ ಆವರಿಸಿದೆ. ಐಸೊಟೊಮಿಡೆ ಹೊರಗೆ ಹೋಯಿತು. ಬ್ರಷ್ಷಿಗೆ ಬೆಳ್ಳಿ ಪುಡಿ ಅಂಟಿದೆ, ಎಂಟೊಮೊಬ್ರಯಾ, ಸಿನೆಲ್ಲಾ, ಸಲೈನಾ ಹೊರಗೆ. ಮೀಸೆ ಮೈಯ ಅರ್ಧದಷ್ಟು, ನಾಲ್ಕೇ ಖಂಡ, ಕಣ್ಣಿನ ಮಚ್ಚೆ ದೊಡ್ಡದು. ಎದೆಯ ಎರಡನೇ ಖಂಡ ಗೂನಿನ ಹಾಗೆ ಉಬ್ಬಿ ತಲೆಯ ಮೇಲೆ ಚಾಚಿಕೊಂಡಿದೆ. ಇಲ್ಲಿಗೆ ಲೆಪಿಡೋಸಿರ್ಟಸ್ ಅಂತ ಹೇಳುವ ಧೈರ್ಯ ಬರುತ್ತದೆ. ಗೂನು ಇಲ್ಲದೆ, ಹುಳ ಒಣ ತೊಗಟೆ, ಗೋಡೆಯಂಥ ಜಾಗದಲ್ಲಿ ಸಿಕ್ಕಿದ್ದರೆ ಸೈರಾ ಇರಬಹುದು ಅಂತ ಪ್ರಶ್ನಾರ್ಥಕ ಹಾಕಿ ಬರೆಯುತ್ತಿದ್ದೆ. ಸೈರಾ ಒಣ ಜಾಗ ತಡೆದುಕೊಳ್ಳುವ ಕುಲ.

ಇವೆರಡನ್ನು ಖಚಿತವಾಗಿ ಬೇರೆ ಮಾಡುವುದು ಫರ್ಕದ ತುದಿಯ ಕೊಕ್ಕೆ, ಅದಕ್ಕೆ ಮ್ಯೂಕ್ರೋ ಅಂತಾರೆ. ಲೆಪಿಡೋಸಿರ್ಟಸ್‌ನಲ್ಲಿ ಎರಡು ಹಲ್ಲು, ಬುಡದಲ್ಲಿ ಒಂದು ಮುಳ್ಳು. ಸೈರಾದಲ್ಲಿ ಕುಡುಗೋಲಿನಂತೆ ಬಾಗಿದ ಒಂದೇ ಹಲ್ಲು, ಮುಳ್ಳಿಲ್ಲ. ಇದು ಫೋನಿಗೆ ಕಾಣುವುದಿಲ್ಲ. ಸ್ಪಿರಿಟ್‌ನಲ್ಲಿಟ್ಟ ಹುಳವನ್ನು ಲ್ಯಾಕ್ಟಿಕ್ ಆಸಿಡ್‌ನಲ್ಲಿ ತಿಳಿಯಾಗಿಸಿ, ಸ್ಲೈಡ್ ಮಾಡಿ, 400 ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪಿನಡಿ ಇಡಬೇಕು. ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರ ಪರಿಚಯ ಇದ್ದರೆ ಆಗುವ ಕೆಲಸ. ಅಣಬೆ ಬೆಳೆಯುವವರು ಇದನ್ನು ಮಾಡಿಸಿದರೆ ಉಪಯೋಗವೂ ಇದೆ. ಅಣಬೆಗೆ ಬೀಳುವ ಸ್ಪ್ರಿಂಗ್‌ಟೇಲ್ ಅಂತ ನಮ್ಮ ದೇಶದ ಕೃಷಿ ಬರಹಗಳಲ್ಲಿ ಬರುವ ಹೆಸರುಗಳಲ್ಲಿ ಈ ಎರಡು ಕುಲದವೂ ಇವೆ. ಅದಾದ ಮೇಲೂ ಜಾತಿಯ ಹೆಸರು ಬೇಕೆಂದರೆ ಬೆನ್ನಿನ ರೋಮಗಳನ್ನು ಒಂದೊಂದಾಗಿ ಎಣಿಸಿ ನಕ್ಷೆ ಮಾಡಬೇಕು. ಅದು ತಜ್ಞರ ಕೆಲಸ, ನಮಗೆ ನಿಮಗೆ ಆಗುವಂಥದ್ದಲ್ಲ.

ಬರೆದಿಡುವುದು, ಕಳಿಸುವುದು

ಜೀವಿಗಳ ಫೋಟೋ ಹಾಕುವ ತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕುವಾಗ ಎಲ್ಲಿಯವರೆಗೆ ಖಾತ್ರಿಯೋ ಅಲ್ಲಿಯವರೆಗಿನ ಹೆಸರು ಮಾತ್ರ ಹಾಕಿ. ಆ್ಯಪ್ ತಾನಾಗಿ ಸೂಚಿಸುವ ಜಾತಿ ಹೆಸರನ್ನು ಒತ್ತುವ ಮುಂಚೆ ಆ ಜಾತಿ ಭಾರತದಿಂದ ದಾಖಲಾಗಿದೆಯಾ ಅಂತ ನೋಡಿ. ಜೊತೆಗೆ ಅಳತೆ, ತಾರೀಕು, ಯಾವ ಗಿಡ ಅಥವಾ ಯಾವ ಥರದ ದರಗು, ಹಾರಿತೋ ಇಲ್ಲವೋ, ಜೀವಂತ ಇದ್ದಾಗಿನ ಬಣ್ಣ ಇಷ್ಟನ್ನೂ ಬರೆಯಿರಿ. "ಹಾರಲಿಲ್ಲ" ಅನ್ನುವ ಒಂದು ಪದ ಎಷ್ಟೋ ಸಲ ಫೋಟೋಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಭಾರತದ ಸ್ಪ್ರಿಂಗ್‌ಟೇಲ್‌ಗಳ ಹಳೇ ವಿವರಣೆಗಳಲ್ಲಿ ದೊಡ್ಡದೊಂದು, ಅಲಹಾಬಾದಿನಲ್ಲಿ ಪಾಠ ಮಾಡಿದ್ದ ಎ. ಡಿ. ಇಮ್ಸ್ 1912ರಲ್ಲಿ ಬರೆದದ್ದು. ಇಂಥ ಹಳೇ ವಿವರಣೆಗಳಲ್ಲಿ ಬಣ್ಣದ ಮಾತು ಜಾಸ್ತಿ, ಈಗ ಬೇಕಾಗುವ ರೋಮದ ನಕ್ಷೆ ಇರುವುದಿಲ್ಲ. ಹಾಗಾಗಿ ಅವುಗಳ ಜೊತೆ ನಿಮ್ಮ ಫೋಟೋ ಹೊಂದಿಕೆಯಾದರೂ ಹಿಗ್ಗುವ ಮುಂಚೆ ಸ್ವಲ್ಪ ತಡೆಯಿರಿ.

ಕೊನೆಯದಾಗಿ ಕಾನೂನಿನ ಮಾತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದರಗು ಕೂಡ ತುಂಬಿಕೊಂಡು ಬರುವಂತಿಲ್ಲ. ಹೊರದೇಶದ ತಜ್ಞರು "ಎರಡು ಹುಳ ಪೋಸ್ಟ್ ಮಾಡಿ, ಹೆಸರು ಹೇಳ್ತೀನಿ" ಅಂದರೆ ಒಪ್ಪಿಕೊಳ್ಳಬೇಡಿ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕಾಗಬಹುದು. ಫೋಟೋ ಎಷ್ಟು ಬೇಕಾದರೂ ಕಳಿಸಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಪಕ್ಕದಿಂದ ತೆಗೆದದ್ದು ಒಂದಾದರೂ ಇರಲಿ.